ಸಾಸಿವೆಯ ಬಲಗಿವಿ

ಜೂನ್ 9

ನಮಸ್ಕಾರ.

ಹನ್ನೊಂದು ವರ್ಷ ‘ನೀನು’ ಎಂದು ಕರೆದವರನ್ನು ಇವತ್ತಿನಿಂದ ‘ನೀವು’ ಎನ್ನುತ್ತಿದ್ದೇನೆ. ಕೋರ್ಟಿನ ಸಲಹೆಗಾರ್ತಿ ಕೊನೆಯ ದಿನ ಹೇಳಿದ್ದು ನಿಮಗೂ ನೆನಪಿರಬಹುದು: “ಫೋನು ನಿಮ್ಮಿಬ್ಬರಿಗೂ ಆಗಿಬರಲ್ಲ. ಮಗು ವಿಷಯ ಏನಿದ್ರೂ ಕಾಗದದಲ್ಲಿ ಬರೀರಿ. ಬರೆದು ಒಂದು ದಿನ ಇಟ್ಕೊಂಡು ಆಮೇಲೆ ಪೋಸ್ಟ್ ಮಾಡಿ.” ನಾನು ಇದನ್ನು ಎರಡು ದಿನ ಇಟ್ಟುಕೊಂಡಿದ್ದೆ. ಮೂರು ಸಾಲು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡಿ.

ಶಾಲೆ ಶುರುವಾಗಿದೆ. ಸಾಸಿವೆ ನಾಲ್ಕನೇ ಕ್ಲಾಸಿಗೆ ಬಂದಳು. ನನ್ನ ಡ್ಯೂಟಿ ಈ ತಿಂಗಳೂ ಹದಿನಾಲ್ಕನೇ ನಂಬರ್ ಬಸ್ಸಿನಲ್ಲೇ, ಸಂಜೆ ಐದೂವರೆಗೆ ಮುಗಿಯುತ್ತದೆ. ಅಲ್ಲಿಯವರೆಗೆ ಅವಳು ಡಿಪೋದ ಕ್ಯಾಂಟೀನಿನಲ್ಲಿ ಕೂತು ಹೋಂವರ್ಕ್ ಮಾಡುತ್ತಾಳೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ ಎಂಟಕ್ಕೆ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರಂನಲ್ಲಿ ಅವಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ, ಭಾನುವಾರ ಸಂಜೆ ಅಲ್ಲೇ ಕರೆದುಕೊಳ್ಳುತ್ತೇನೆ. ರೈಲಿನಲ್ಲಿ ಮೂರು ಗಂಟೆ ಅವಳ ಕೈಗೆ ನಿಮ್ಮ ಫೋನ್ ಕೊಡಬೇಡಿ.

ಒಂದು ಮಾತು. ನಿಮ್ಮ ಮನೆಯಿಂದ ವಾಪಸ್ಸಾದ ಮೇಲೆ ಅವಳು ಹೇಳಿದ ಮಾತು ಕೇಳುತ್ತಿಲ್ಲ. ಮೂರು ಸಲ ಕರೆದರೂ ಗೋಡೆಯ ಹಾಗೆ ಕೂತಿರುತ್ತಾಳೆ. ಹತ್ತಿರ ಹೋಗಿ ಭುಜ ಅಲ್ಲಾಡಿಸಿದರೆ “ಏನಮ್ಮಾ” ಅನ್ನುತ್ತಾಳೆ, ಏನೂ ಆಗದವಳ ಹಾಗೆ. ಚಟಪಟ ಮಾತಾಡುತ್ತಾಳೆಂದು ಸಾಸಿವೆ ಎಂದು ಹೆಸರಿಟ್ಟವರು ನೀವೇ. ಅಲ್ಲಿ ಅವಳಿಗೆ ಯಾರೂ ಏನೂ ಹೇಳುವುದಿಲ್ಲ ಎಂದು ಕಾಣುತ್ತದೆ. ಶಿಸ್ತೆಲ್ಲ ನನ್ನ ಪಾಲಿಗೆ, ಮುದ್ದೆಲ್ಲ ನಿಮ್ಮ ಪಾಲಿಗೆ ಎಂದು ವಿಚ್ಛೇದನದ ಆದೇಶದಲ್ಲಿ ಎಲ್ಲೂ ಬರೆದಿಲ್ಲ.

ಸಾಸಿವೆಯ ಅಮ್ಮ


ಜೂನ್ 21

ನಮಸ್ಕಾರ.

ನಾನು ಐದು ಸಾಲು ಹೊಡೆದುಹಾಕಿದ್ದೇನೆ.

ಟೈಂಟೇಬಲ್ ಸಿಕ್ಕಿತು, ಬೀರುವಿಗೆ ಅಂಟಿಸಿದ್ದೇನೆ. ಮುದ್ದಿನ ಬಗ್ಗೆ: ಅವಳು ಬಂದ ಶನಿವಾರ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಸಭಾಂಗಣದ ಹಳೇ ಪಿಯಾನೊ, ಎಂಬತ್ತೆಂಟು ಸ್ವರದ ಮನೆಯೂ ಶ್ರುತಿ ತಪ್ಪಿತ್ತು. ಹೋಗಿ ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದಳು. ನಾನು ಕೇಳಿದ ಒಂದಕ್ಕೂ ಉತ್ತರವಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತುಬಿಟ್ಟಳು. ಕೆಳಗಿಳಿದು ಎದುರು ನಿಂತ ಮೇಲೆ ಎಂದಿನಂತೆ ಮಾತು. ಒಂಬತ್ತು ವರ್ಷದ ಮಗು ತಾನಾಗಿ ಅಪ್ಪನ ಮೇಲೆ ಹೀಗೆ ಮುಖ ತಿರುಗಿಸುವುದಿಲ್ಲ. ಯಾರೋ ಏನೋ ಹೇಳಿರಬೇಕು. ಯಾರು ಎಂದು ನಾನು ಬರೆಯುವುದಿಲ್ಲ, ಅದು ಹೊಡೆದುಹಾಕಿದ ಸಾಲುಗಳಲ್ಲಿದೆ.

ಫೋನ್ ಕೊಟ್ಟಿಲ್ಲ.

ಸಾಸಿವೆಯ ಅಪ್ಪ


ಜುಲೈ 3

ನಮಸ್ಕಾರ.

ನಿಮ್ಮ ಬಗ್ಗೆ ಅವಳಿಗೆ ಹೇಳಲು ನನಗೆ ಪುರುಸೊತ್ತೂ ಇಲ್ಲ, ಆಸಕ್ತಿಯೂ ಇಲ್ಲ. ಎಂಟು ಗಂಟೆ ಸ್ಟಿಯರಿಂಗ್ ಹಿಡಿದು ಬಂದವಳಿಗೆ ಒಲೆ ಹಚ್ಚುವಷ್ಟು ತ್ರಾಣ ಉಳಿದರೆ ಅದೇ ಹೆಚ್ಚು.

ಈಗ ಟೀವಿಯ ಸೌಂಡ್ ಕೆಳಗಿನ ಮನೆಯವರಿಗೆ ಕೇಳುವಷ್ಟು ಇಡುತ್ತಾಳೆ. ಕಮ್ಮಿ ಮಾಡು ಎಂದರೆ ಅಳು. ನಿಮ್ಮ ಆ ರಿಪೇರಿ ಅಂಗಡಿಯಲ್ಲಿ ಇಡೀ ದಿನ ಠಣ್ ಠಣ್ ಎನ್ನುವ ತಂತಿಗಳ ನಡುವೆ ಕೂತರೆ ಇನ್ನೇನಾಗುತ್ತದೆ. ಅವಳನ್ನು ಅಲ್ಲಿ ಕೂರಿಸಬೇಡಿ.

ಶಾಲೆಯಲ್ಲಿ ಎಲ್ಲ ಚೆನ್ನಾಗಿದೆ.

ಸಾಸಿವೆಯ ಅಮ್ಮ


ಜುಲೈ 18

ನಮಸ್ಕಾರ.

ಪಿಯಾನೊ ಶ್ರುತಿ ಮಾಡುವವನ ಅಂಗಡಿಗಿಂತ ನಿಶ್ಶಬ್ದವಾದ ಜಾಗ ಬಸ್ ಡಿಪೋ ಅಲ್ಲ ಎಂದು ತಿಳಿಸಬಯಸುತ್ತೇನೆ.

ಅವಳಿಗೆ ಸಂಗೀತದಲ್ಲಿ ಮೊದಲಿನ ಆಸಕ್ತಿ ಇಲ್ಲ. ಆರು ವರ್ಷದವಳಿದ್ದಾಗ ಶ್ರುತಿ ಸೇರದ ಎರಡು ತಂತಿ ಜೊತೆಗೆ ಮೀಟಿದರೆ “ಅಪ್ಪಾ, ಇನ್ನೂ ನಡುಗ್ತಿದೆ” ಅಂತಿದ್ದಳು. ಈಗ ಆ ಆಟ ಬೇಸರ ಬಂದಿದೆ ಎನಿಸುತ್ತದೆ. ಬಲವಂತ ಮಾಡುವುದಿಲ್ಲ.

ಸಾಸಿವೆಯ ಅಪ್ಪ


ಆಗಸ್ಟ್ 6

ಈ ಎರಡನೇ ಶನಿವಾರ ಬೇಡ. ಅವಳಿಗೆ ನೆಗಡಿ. ನಾಲ್ಕನೇ ಶನಿವಾರ ನೋಡೋಣ.

ಸಾಸಿವೆಯ ಅಮ್ಮ


ಆಗಸ್ಟ್ 27

ಇದನ್ನು ಬರೆದು ಒಂದು ದಿನ ಇಟ್ಟುಕೊಳ್ಳುವುದಿಲ್ಲ. ಈಗಲೇ ಡಬ್ಬಕ್ಕೆ ಹಾಕುತ್ತೇನೆ. ಫೋನ್ ಮಾಡಲು ಎರಡು ಸಲ ಕೈ ಹೋಯಿತು. ನನ್ನ ಧ್ವನಿ ಕೇಳಿದರೆ ನೀನು ಜಗಳಕ್ಕೆ ತಯಾರಾಗಿಯೇ ಫೋನ್ ಎತ್ತುತ್ತೀಯ, ನಾನೂ ಅಷ್ಟೇ. ಅದಕ್ಕೇ ಕಾಗದ.

ನಿನ್ನೆ ಸಂಜೆ ಡಿಪೋದಲ್ಲಿ ಸಾಸಿವೆ ಬಸ್ಸಿನ ಅಡಿಗೆ ಹೋಗಿಬಿಡುತ್ತಿದ್ದಳು. ಹೋಗಲಿಲ್ಲ. ಒಂದು ಗೀರೂ ಆಗಿಲ್ಲ. ಮೊದಲು ಅದನ್ನು ಓದಿಕೊ, ಆಮೇಲೆ ಉಳಿದದ್ದು.

ನಾನು ಬಸ್ ನಿಲ್ಲಿಸಿ ಇಳಿಯುತ್ತಿದ್ದೆ. ಅವಳು ಕ್ಯಾಂಟೀನಿನಿಂದ ಬ್ಯಾಗ್ ಹೊತ್ತು ನನ್ನ ಕಡೆ ಬರುತ್ತಿದ್ದಳು. ಅವಳ ಬಲಗಡೆಯಿಂದ ಇಪ್ಪತ್ತೆರಡನೇ ನಂಬರ್ ಬಸ್ಸು ರಿವರ್ಸ್ ಬರುತ್ತಿತ್ತು, ಬೀಪ್ ಬೀಪ್ ಎಂದು ಹೊಡೆದುಕೊಳ್ಳುತ್ತ. ಡಿಪೋದ ಆಚೆಯ ರಸ್ತೆಯಲ್ಲಿದ್ದವರೂ ತಿರುಗಿ ನೋಡುವಂಥ ಸದ್ದು. ಅವಳ ಎಡಗಡೆ ಇನ್ನೊಂದು ಬಸ್ಸಿನ ಎಂಜಿನ್ ಗುಡುಗುತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿಕೊಂಡು ನಗುತ್ತ ಬಂದಳು. ನಾನು ಕಿರುಚಿದೆ. ನಾನು ಕಿರುಚುವ ಬಾಯಿ ನೋಡಿ ನಿಂತಳೇ ಹೊರತು ಬಸ್ಸಿನ ಸದ್ದಿಗಲ್ಲ. ಆ ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಬ್ರೇಕ್ ಒತ್ತಿದ್ದರಿಂದ ಉಳಿದಳು. ಅವರು ಇಳಿದು ಬಂದು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು. “ಅಕ್ಕಾ, ಮಗೂಗೆ ಕಿವಿ ಕೇಳಿಸಲ್ವಾ” ಅಂದರು.

ನನಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ, ತಿಳಿದುಕೊಳ್ಳಬಾರದು ಎಂದು ಕೂತಿದ್ದೆ. ಜೂನ್ ಕೊನೆಯಲ್ಲಿ ಕ್ಲಾಸ್ ಟೀಚರು ಚೀಟಿ ಕಳಿಸಿದ್ದರು: ‘ಬಲಗಡೆಯಿಂದ ಕರೆದರೆ ತಿರುಗುವುದಿಲ್ಲ, ಒಮ್ಮೆ ಕಿವಿ ತೋರಿಸಿ.’ ಆ ಚೀಟಿ ನನ್ನ ಯೂನಿಫಾರ್ಮಿನ ಜೇಬಿನಲ್ಲೇ ಎರಡು ಸಲ ಒಗೆಸಿಕೊಂಡು ಮುದ್ದೆಯಾಯಿತು. ನಿನಗೆ ‘ಶಾಲೆಯಲ್ಲಿ ಎಲ್ಲ ಚೆನ್ನಾಗಿದೆ’ ಎಂದು ಬರೆದೆ. ಯಾಕೆಂದರೆ ನೀನು ಕೋರ್ಟಿಗೆ ಹೋಗಿ, ತಾಯಿಗೆ ಮಗುವಿನ ಮೇಲೆ ನಿಗಾ ಇಲ್ಲ ಅನ್ನುತ್ತೀಯ ಎಂದುಕೊಂಡೆ. ನೆಗಡಿ ಎಂದು ಬರೆದದ್ದೂ ಪೂರ್ತಿ ನಿಜವಲ್ಲ. ಅವತ್ತು ಡಾಕ್ಟರ ಹತ್ತಿರ ಹೋಗೋಣವೆಂದು ಹೊರಟವಳು ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಒಂದೇ ಒಂದು ಕೇಳುತ್ತೇನೆ. ಬೈದುಕೊಳ್ಳುವುದು ಆಮೇಲೆ ಬೈದುಕೊ. ನಿನಗೇನಾದರೂ ಗೊತ್ತಾ?


ಆಗಸ್ಟ್ 30

ಮೊದಲ ಸಾಲು ಓದಿ ಎರಡನೆಯದಕ್ಕೆ ಹೋಗಲು ಅರ್ಧ ಗಂಟೆ ಬೇಕಾಯಿತು. ಬೈಯುವುದಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ, ಮುಂದೆ ಓದು.

ನನಗೆ ಏಪ್ರಿಲ್‌ನಿಂದ ಗೊತ್ತು.

ಬೇಸಿಗೆ ರಜೆಯಲ್ಲಿ ಅವಳು ಇಲ್ಲಿದ್ದಾಗ ಒಂದು ದಿನ ಶ್ರುತಿಕವೆಯನ್ನು, ಅದೇ ನನ್ನ ಟ್ಯೂನಿಂಗ್ ಫೋರ್ಕನ್ನು, ಮೊಣಕಾಲಿಗೆ ಬಡಿದು ಅವಳ ಎಡಗಿವಿಯ ಹತ್ತಿರ ಹಿಡಿದೆ. “ಗುಂಯ್ ಅಂತಿದೆ” ಅಂದಳು. ಬಲಗಿವಿಯ ಹತ್ತಿರ ಹಿಡಿದೆ. ನನ್ನ ಮುಖ ನೋಡಿದಳು. ನಾನು ಯಾವ ಉತ್ತರಕ್ಕೆ ಕಾಯುತ್ತಿದ್ದೇನೆ ಎಂದು ನೋಡಿ, “ಹ್ಞೂಂ, ಗುಂಯ್” ಅಂದಳು. ಅಷ್ಟರಲ್ಲಿ ಕವೆ ಅಲುಗಾಡುವುದನ್ನೇ ನಿಲ್ಲಿಸಿತ್ತು. ನಾನು ಬೇಕೆಂದೇ ಬೆರಳಿಂದ ಹಿಡಿದು ನಿಲ್ಲಿಸಿದ್ದೆ. ಆಟ ಅಂತ ನಕ್ಕು ಎತ್ತಿಟ್ಟೆ.

ಕಿವಿ ನಂಬಿ ಬದುಕುವವನು ನಾನು. ಪಕ್ಕದ ಕೋಣೆಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೆ ಇಲ್ಲಿಂದ ಹೇಳುತ್ತೇನೆ. ಮಗಳದ್ದು ಕೇಳಿಸಿಕೊಂಡೂ ಬಾಯಿ ಮುಚ್ಚಿಕೊಂಡಿದ್ದೆ. ನಿನಗೆ ಹೇಳಿದರೆ ಅಂಗಡಿಯ ಸದ್ದಿನಿಂದಲೇ ಹೀಗಾಯಿತು ಅನ್ನುತ್ತೀಯ, ಎರಡು ಶನಿವಾರ ಒಂದಾಗುತ್ತದೆ, ಒಂದು ಹೋಗಿ ಏನೂ ಇಲ್ಲದಾಗುತ್ತದೆ ಎಂದು ಹೆದರಿದೆ. ಜೂನಿನಲ್ಲಿ ವ್ಯಾನಿನ ವಿಷಯ ಬರೆದು ನಿನ್ನ ಮೇಲೆ ಹಾಕಿದೆ. ನನ್ನ ಪಕ್ಕ ಕೂತರೆ ಅವಳ ಬಲಗಿವಿ ನನ್ನ ಕಡೆ ಇರುತ್ತದೆ ಎಂದು ಬರೆಯುವಾಗಲೂ ನನಗೆ ಗೊತ್ತಿತ್ತು.

ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ. ಕಿವಿ ಡಾಕ್ಟರ ಹತ್ತಿರ ಹೆಸರು ಬರೆಸು. ಇಬ್ಬರೂ ಹೋಗೋಣ. ನನಗೆ ನಿನ್ನ ಮನೆಯ ಒಳಗೆ ಬರುವ ಅಗತ್ಯವಿಲ್ಲ, ನೇರ ಆಸ್ಪತ್ರೆಗೇ ಬರುತ್ತೇನೆ.

ಆ ಡ್ರೈವರಣ್ಣನಿಗೆ ನನ್ನ ಕಡೆಯಿಂದ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನೀನೇ ಏನಾದರೂ ಹೇಳು.


ಸೆಪ್ಟೆಂಬರ್ 15

ಡಾಕ್ಟರಮ್ಮ ಹೇಳಿದ್ದನ್ನು ಅವತ್ತು ಚೀಟಿಯಲ್ಲಿ ಬರೆದುಕೊಂಡಿದ್ದೆ. ನೀನು ಅರ್ಧವೂ ಕೇಳಿಸಿಕೊಂಡ ಹಾಗಿರಲಿಲ್ಲ, ಅದಕ್ಕೇ ಇಲ್ಲಿ ಮತ್ತೆ ಬರೆಯುತ್ತೇನೆ. ಬಲಗಿವಿಯ ಒಳನರ ಸೋತಿದೆ. ಹುಟ್ಟಿನಿಂದಲೇ ಸಣ್ಣಗೆ ಇದ್ದು ಬೆಳೆಯುತ್ತ ಬಂದಿರಬಹುದು, ಯಾವುದೋ ಜ್ವರದಲ್ಲೂ ಆಗಿರಬಹುದು, ಹೇಳಲಾಗುವುದಿಲ್ಲ. ಅಂಗಡಿಯಿಂದಲೂ ಅಲ್ಲ, ಡಿಪೋದಿಂದಲೂ ಅಲ್ಲ. ಎಡಗಿವಿ ಗಟ್ಟಿಯಾಗಿದೆ. ಬಲಕ್ಕೆ ಮಿಷನ್ ಹಾಕಬೇಕು, ನಾಲ್ಕು ತಿಂಗಳಿಗೊಮ್ಮೆ ತೋರಿಸಬೇಕು. ‘ಅಂಗಡಿಯಾ, ಡಿಪೋನಾ’ ಎಂದು ನಾವಿಬ್ಬರೂ ಒಟ್ಟಿಗೇ ಬಾಯಿ ತೆಗೆದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಲ್ಲ, ನನಗೆ ಹೆಡ್‌ಮಾಸ್ಟರ್ ಎದುರು ನಿಂತ ಹಾಗಾಯಿತು.

ಈಗ ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಬಚ್ಚಿಟ್ಟು ಏನಾಯಿತು ಎಂದು ಇಬ್ಬರಿಗೂ ಗೊತ್ತಿದೆಯಲ್ಲ, ಬರೆಯುತ್ತೇನೆ.

ಶನಿವಾರ ಅವಳನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿ, ನಾನೂ ಹಿಂದೆಯೇ ಅವಳ ಎಡಗಡೆ ಕೂತೆ. ಹೊರಡಲೇ ಇಲ್ಲ. “ಸಾಸಿವೆ, ಕೇಳಿಸಲ್ಲ ಅಂತ ನಿಂಗೆ ಯಾವಾಗಿಂದ ಗೊತ್ತು” ಎಂದು ಕೇಳಿದೆ.

“ಎರಡನೇ ಕ್ಲಾಸಿಂದ.”

“ಮತ್ತೆ ಯಾಕೆ ಹೇಳ್ಲಿಲ್ಲ ಕಂದ?”

ಸೀಟಿನ ದಾರ ಕೀಳುತ್ತ ಕೂತಳು. ಆಮೇಲೆ ಹೇಳಿದಳು. “ನೀನೂ ಅಮ್ಮಾನೂ ಅಡುಗೆಮನೇಲಿ ಶುರು ಮಾಡ್ತಿದ್ರಲ್ಲ, ಆವಾಗ ನಾನು ಸೋಫಾ ಮೇಲೆ ಎಡಗಡೆ ಮಲಕೊಂಡು ಕಿವೀನ ದಿಂಬಿಗೆ ಒತ್ಕೋತಿದ್ದೆ. ಏನೂ ಕೇಳಿಸ್ತಾನೇ ಇರ್ಲಿಲ್ಲ. ಸರಿ ಮಾಡ್ಸಿದ್ರೆ ಕೇಳಿಸತ್ತಲ್ಲ.”

ಅವಳು ಇದನ್ನು ದೂರುವ ಹಾಗೆ ಹೇಳಲಿಲ್ಲ. ಒಂದು ಉಪಾಯ ಹೇಳಿಕೊಡುವ ಹಾಗೆ ಹೇಳಿದಳು.

ಇದಕ್ಕೆ ನೀನು ಉತ್ತರ ಬರೆಯಬೇಕೆಂದೇನಿಲ್ಲ.

ಸಾಸಿವೆಯ ಅಪ್ಪ


ಅಕ್ಟೋಬರ್ 8

ಮೂರು ವಾರ ಉತ್ತರ ಬರೆಯಲಿಲ್ಲ. ಬೇಕೆಂದೇ ಅಲ್ಲ. ಪೆನ್ ಹಿಡಿದರೆ ಆ ಸೋಫಾ ಕಾಣುತ್ತಿತ್ತು. ಅವಳು ಮಲಗಿದ್ದಾಳೆಂದು ನಾವು ಧ್ವನಿ ಏರಿಸುತ್ತಿದ್ದೆವು. ‘ಮಗು ಮಲಗಿದೆ’ ಎಂದು ಒಬ್ಬರಿಗೊಬ್ಬರು ಬೇರೆ ಹೇಳುತ್ತಿದ್ದೆವು.

ಅಷ್ಟು ಸಾಕು. ಈಗ ಕೆಲಸದ ಮಾತು.

ಮಿಷನ್ ಬಂದು ಹತ್ತು ದಿನವಾಯಿತು. ಮನೆಯಲ್ಲಿ ಹಾಕಿಕೊಳ್ಳುತ್ತಾಳೆ, ಶಾಲೆಯ ಗೇಟಿನಲ್ಲಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾಳೆ ಎಂದು ಟೀಚರು ಹೇಳಿದರು. ಕೇಳಿದರೆ, “ಅಪ್ಪ ಹೇಳಿದ್ದಾನೆ, ಇಷ್ಟ ಆದಾಗ ಮಾತ್ರ ಹಾಕ್ಕೊ ಅಂತ” ಅಂದಳು. ಹಳೇ ನಾನಾಗಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು. ಈಗ ಕೇಳುತ್ತಿದ್ದೇನೆ, ನೀನು ಹಾಗೆ ಹೇಳಿದೆಯಾ?

ಸಾಸಿವೆಯ ಅಮ್ಮ


ಅಕ್ಟೋಬರ್ 13

ಹೇಳಿಲ್ಲ. ಇಲ್ಲಿ ಅವಳು ನನಗೆ ಹೇಳಿದ್ದು: “ಅಮ್ಮ ಹೇಳಿದ್ದಾಳೆ, ರೈಲಲ್ಲಿ, ಅಪ್ಪನ ಊರಲ್ಲಿ ಹಾಕ್ಕೋಬೇಡ, ಕಳೆದುಹೋಗತ್ತೆ ಅಂತ.” ನಾನು ನಂಬಿದ್ದೆ. ನಿನ್ನ ಸ್ವಭಾವಕ್ಕೆ ಅದು ಚೆನ್ನಾಗಿ ಒಪ್ಪುತ್ತಿತ್ತು.

ಅಂದರೆ ಮಹಾರಾಣಿ ಒಬ್ಬರ ಹೆಸರು ಹೇಳಿ ಇನ್ನೊಬ್ಬರಿಗೆ ಟೋಪಿ ಹಾಕಿದ್ದಾಳೆ. ನಿಜ ಹೇಳಲಾ, ಓದಿ ನಗು ಬಂತು. ಹೀಗೆ ಇನ್ನೆಷ್ಟು ವಿಷಯ ನಡೆದಿರಬಹುದೋ. ನಿನ್ನ ಮನೆಯಲ್ಲಿ ಹಾಲು ಕುಡಿಯುವುದು ಕಡ್ಡಾಯವಲ್ಲ ಎನ್ನುವುದು ನಿಜವೇ?

ಎರಡೂ ಮನೆಗೆ ಒಂದೇ ನಿಯಮ ಇರಲಿ: ಎದ್ದಾಗಿನಿಂದ ಮಲಗುವವರೆಗೆ ಮಿಷನ್. ಸ್ನಾನಕ್ಕೆ ರಜೆ. ನೀನು ನನ್ನ ಹೆಸರು ಹೇಳು, ನಾನು ನಿನ್ನ ಹೆಸರು ಹೇಳುತ್ತೇನೆ. “ನಿಮ್ಮಮ್ಮ ಹೇಳಿದ ಮೇಲೆ ಮುಗೀತು” ಎಂದು ನಾನು ಅನ್ನುವುದನ್ನು ಕೇಳಿ ಅವಳು ತಲೆ ತಿರುಗಿ ಬಿದ್ದರೆ ಆಶ್ಚರ್ಯವಿಲ್ಲ.

ಅಪ್ಪ


ಅಕ್ಟೋಬರ್ 27

ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳೇ ಹೇಳುತ್ತಾಳೆ. ಶನಿವಾರ ತಿಂಡಿಗೆ ಕೂತಿದ್ದೆವು. ಮಿಷನ್ ಹಾಕಿಕೊಂಡಿದ್ದಳು. ಎರಡು ತುತ್ತು ತಿಂದವಳು ಕೈ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು.

“ಅಪ್ಪಾ, ನೀನು ತಿನ್ನೋವಾಗ ಇಷ್ಟು ಸದ್ದು ಮಾಡ್ತೀಯಾ?”

“ಎಷ್ಟು?”

“ಅಮ್ಮ ಹೇಳಿದ್ದು ಸರಿ ಇದೆ ಬಿಡು.”

ಹನ್ನೊಂದು ವರ್ಷ ನೀನು ಹೇಳಿದಾಗ ಒಪ್ಪದವನು ಅವತ್ತು ಬಾಯಿ ಮುಚ್ಚಿ ಅಗಿದೆ. ಶಾಲೆಯಲ್ಲಿ ಹೇಗೆ?

ಅಪ್ಪ


ನವೆಂಬರ್ 4

ಬಸ್ಸಿನಲ್ಲಿ, ಕೊನೆಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲಿಸಿದಾಗ ನಿನ್ನ ಕಾಗದ ಓದಿದೆ. ಒಬ್ಬಳೇ ನಗುವುದನ್ನು ಕಂಡು ಕಂಡಕ್ಟರ್ ಹುಡುಗಿ “ಮೇಡಂ, ಲಾಟರಿ ಹೊಡೀತಾ” ಅಂದಳು.

ಶಾಲೆಯಲ್ಲಿ ಸುಲಭವಿಲ್ಲ. ಒಬ್ಬಳು ‘ಅಜ್ಜಿ’ ಅಂದಳಂತೆ. ಮೂರು ದಿನ ಕೂದಲು ಬಿಟ್ಟುಕೊಂಡು ಮುಚ್ಚಿಕೊಂಡು ಹೋದಳು. ನಾನು ಬಲವಂತ ಮಾಡಲಿಲ್ಲ, ತೆಗೆಯಲೂ ಬಿಡಲಿಲ್ಲ. “ಅಪ್ಪ ಹೇಳಿದ್ದಾನೆ, ನಾನೇನೂ ಮಾಡಕ್ಕಾಗಲ್ಲ” ಎಂದು ಕೈ ಎತ್ತಿದೆ. ನಾಲ್ಕನೇ ದಿನ ತಾನೇ ಕ್ಲಾಸಿನಲ್ಲಿ ಎದ್ದು ನಿಂತು ಮಿಷನ್ ತೆಗೆದು ಎಲ್ಲರಿಗೂ ತೋರಿಸಿ, ಬ್ಯಾಟರಿ ಹೇಗೆ ಹಾಕುತ್ತಾರೆಂದು ವಿವರಿಸಿದಳಂತೆ. ಮಧ್ಯಾಹ್ನದ ಹೊತ್ತಿಗೆ ಆ ‘ಅಜ್ಜಿ’ ಅಂದವಳೇ ತನಗೂ ಒಂದು ಬೇಕು ಎಂದು ಅಳುತ್ತಿದ್ದಳು ಎಂದು ಟೀಚರು ಹೇಳಿದರು. ಮನೆಗೆ ಬಂದು ಮಾತು ಶುರು ಮಾಡಿದವಳು ಊಟ ಮುಗಿದರೂ ನಿಲ್ಲಿಸಲಿಲ್ಲ. ತಲೆನೋವು ಬಂತು. ಎಷ್ಟು ತಿಂಗಳಾಗಿತ್ತು ನನಗೆ ಆ ತಲೆನೋವು ಬಂದು.

ಹಾಲು ಕಡ್ಡಾಯ. ಅವಳು ಸುಳ್ಳು ಹೇಳಿದ್ದಾಳೆ.

ಅಮ್ಮ


ಡಿಸೆಂಬರ್ 14

ಮೊನ್ನೆ ಸ್ಟೇಷನ್ನಿನಲ್ಲಿ ನಾನು ಯಾಕೆ ವಿಚಿತ್ರವಾಗಿ ಆಡಿದೆ ಎಂದು ನೀನು ಯೋಚಿಸಿರಬಹುದು. ಮಫ್ಲರ್ ಬಗ್ಗೆ ಯಾರಾದರೂ ಐದು ನಿಮಿಷ ಮಾತಾಡುತ್ತಾರೆಯೇ. ಹೇಳುತ್ತೇನೆ.

ನೀನು ಆಚೆಯ ಪ್ಲಾಟ್‌ಫಾರಂನಿಂದ ಮೇಲ್ಸೇತುವೆ ಹತ್ತುತ್ತಿದ್ದೆ. ನಾವಿಬ್ಬರೂ ಬೆಂಚಿನ ಮೇಲಿದ್ದೆವು. ಸಾಸಿವೆ ನಿನ್ನನ್ನು ನೋಡಿ ಜೇಬಿನಿಂದ ಮಿಷನ್ನಿನ ಡಬ್ಬಿ ತೆಗೆದಳು. “ಅಮ್ಮಾ, ಅಪ್ಪ ಬರ್ತಿದ್ದಾನೆ. ಏನಾದ್ರೂ ಜಗಳ ಇದ್ರೆ ಈಗ್ಲೇ ಆಡ್ಕೊಂಡ್ಬಿಡಿ, ನಾನು ತೆಗೆದಿಟ್ಟಿರ್ತೀನಿ” ಅಂದಳು. ಕೊಡೆ ಬಿಚ್ಚುವಷ್ಟು ಸಹಜವಾಗಿ ಮಿಷನ್ ತೆಗೆದು ಡಬ್ಬಿಯಲ್ಲಿಟ್ಟು, ಎಡಗಿವಿಗೆ ಅಂಗೈ ಮುಚ್ಚಿಕೊಂಡು ಕೂತಳು. ನೀನು ಬಂದಾಗ ಅವಳು ಚಳಿಗೆ ಹಾಗೆ ಕೂತಿದ್ದಾಳೆ ಎಂದುಕೊಂಡೆ ಅಲ್ಲವೇ, ನಿನ್ನ ಮಫ್ಲರ್ ತೆಗೆದು ಅವಳ ತಲೆಗೆ ಸುತ್ತಿದೆ.

ಬಾಯಿಗೆ ಬಂದದ್ದು ಮಾತಾಡಿದೆ. ಮಫ್ಲರ್ ಉಣ್ಣೆಯದಾ, ಎಲ್ಲಿ ತಗೊಂಡೆ, ರೈಲು ಲೇಟಾ, ತಿಂಡಿ ಆಯ್ತಾ. ನೀನು ಪಾಪ ಒಂದೊಂದಕ್ಕೂ ಪರೀಕ್ಷೆಗೆ ಕೂತವನ ಹಾಗೆ ಉತ್ತರ ಕೊಟ್ಟೆ. ಅವಳು ನಮ್ಮಿಬ್ಬರ ಮುಖವನ್ನೂ ಮಾರ್ಕ್ಸ್ ಹಾಕುವ ಟೀಚರ ಹಾಗೆ ಒಂದೊಂದಾಗಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಂಗೈ ತೆಗೆದಳು. ಇನ್ನೂ ಸ್ವಲ್ಪ ಕಾದಳು. ಆಮೇಲೆ ಡಬ್ಬಿ ತೆಗೆದು ಮಿಷನ್ ಹಾಕಿಕೊಂಡು, “ನೀವು ಏನು ಮಾತಾಡ್ತಿದ್ದೀರಿ” ಎಂದು ಕೇಳಿದಳು.

ನೀನು “ಮಫ್ಲರ್” ಅಂದೆ. ಅವಳು, “ಇಷ್ಟು ಹೊತ್ತಾ?” ಅಂದಳು.

ನೀವು ರೈಲು ಹತ್ತಿದ ಮೇಲೆ ನಾನು ಅದೇ ಬೆಂಚಿನ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ. ಎಲ್ಲದಕ್ಕೂ ಸೇರಿಸಿ ಅತ್ತೆ. ಆಮೇಲೆ ಡ್ಯೂಟಿಗೆ ಹೋದೆ.

ನಾವಿಬ್ಬರೂ ಒಂದೇ ಮನೆಯಲ್ಲಿ ಇರಲಾರೆವು. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ, ನಿನಗೂ ಇರಲಾರದು. ಆದರೆ ಆ ಬೆಂಚಿನ ಮೇಲೆ ನಾವು ಪರವಾಗಿಲ್ಲ.

ಅಮ್ಮ


ಡಿಸೆಂಬರ್ 20

ನಿನ್ನ ಕಾಗದವನ್ನು ಒಬ್ಬ ಗ್ರಾಹಕರ ಮನೆಯ ಪಿಯಾನೊ ಮುಂದೆ ಕೂತು ಓದಿದೆ. ಮನೆಯವರು “ಏನಾದ್ರೂ ತೊಂದ್ರೆ ಇದೆಯಾ ಒಳಗೆ” ಎಂದು ಕೇಳಿದರು. ಪಿಯಾನೊ ಬಗ್ಗೆ ಕೇಳಿದ್ದರು. “ಇತ್ತು, ಸರಿಹೋಗ್ತಿದೆ” ಅಂದೆ.

ಮಫ್ಲರ್ ಉಣ್ಣೆಯದಲ್ಲ. ಅವತ್ತು ಗಾಬರಿಯಲ್ಲಿ ಹೌದು ಅಂದೆ.

ಮುಂದಿನ ತಿಂಗಳು ಕಿವಿ ಪರೀಕ್ಷೆಗೆ ನಾನೂ ಬರುತ್ತೇನೆ. ಆ ಡ್ರೈವರಣ್ಣ ಡಿಪೋದಲ್ಲಿ ಇರುವ ಸಮಯ ತಿಳಿಸು. ಏನು ಹೇಳಬೇಕೋ ಇನ್ನೂ ಗೊತ್ತಿಲ್ಲ, ಹೋಗಿ ಎದುರು ನಿಲ್ಲುತ್ತೇನೆ.

ಅಪ್ಪ


ಮಾರ್ಚ್ 2

ಈ ಮಂಗಳವಾರ ಮೂರಕ್ಕೆ ಶಾಲೆಯಲ್ಲಿ ತಂದೆತಾಯಿಯರ ಸಭೆ. ನನಗೆ ರಜೆ ಸಿಗಲಿಲ್ಲ, ಇಬ್ಬರು ಡ್ರೈವರು ಒಂದೇ ಸಲ ಜ್ವರ ಬಂದು ಮಲಗಿದ್ದಾರೆ. ನೀನೊಬ್ಬನೇ ಹೋಗಿ ಬಾ. ಸ್ಟೇಷನ್ನಿನ ಹೊರಗೆ ಎಡಗಡೆ ನಿಂತರೆ ಎರಡು ಇಪ್ಪತ್ತಕ್ಕೆ ಹದಿನಾಲ್ಕನೇ ನಂಬರ್ ಬರುತ್ತದೆ, ನಾನೇ ಓಡಿಸುತ್ತಿರುತ್ತೇನೆ. ಶಾಲೆಯ ಎದುರೇ ನಿಲ್ಲಿಸುತ್ತೇನೆ. ಓಡಿಸುವಾಗ ನನ್ನ ಹತ್ತಿರ ಮಾತಾಡಬೇಡ, ಬೋರ್ಡ್ ಹಾಕಿದ್ದಾರೆ.

ಟೀಚರು ಏನೇನಂದರು ಎಂದು ನನಗೆ ಬರೆಯಲು ಹೋಗಬೇಡ. ಅವಳೇ ಹೇಳುತ್ತಾಳೆ.

ಅಮ್ಮ